ಸೌದೆ ಒಲೆಯ ಕ್ಯಾಟಲಿಟಿಕ್ ಕಂಬಸ್ಟರ್: ಗುಡಿಸುವುದೇ, ತೊಳೆಯುವುದೇ, ಬದಲಿಸುವುದೇ?

ಹೊಗೆಯನ್ನೇ ಉರಿಸುವ ಕಂಬಸ್ಟರ್ ಎಂಬ ಭಾಗವುಳ್ಳ ಕ್ಯಾಟಲಿಟಿಕ್ ಸೌದೆ ಒಲೆಯನ್ನು ಎರಡು ಮೂರು ಚಳಿಗಾಲ ಉರಿಸಿದವರಿಗೆ ಒಂದಲ್ಲ ಒಂದು ದಿನ ಈ ಅನುಮಾನ ಬಂದೇ ಬರುತ್ತದೆ. ಬೈಪಾಸ್ ಕವಾಟವನ್ನು (ಇದು ತೆರೆದಿದ್ದರೆ ಹೊಗೆ ಕಂಬಸ್ಟರನ್ನು ಮುಟ್ಟದೆ ಸೀದಾ ಚಿಮಣಿಗೆ ಹೋಗುತ್ತದೆ) ಮುಚ್ಚಿ ಅರ್ಧ ಗಂಟೆ ಕಳೆದರೂ ಚಿಮಣಿಯ ತುದಿಯಿಂದ ನೀಲಿ ಛಾಯೆಯ ಹೊಗೆ ಏಳುತ್ತಲೇ ಇರುತ್ತದೆ. ಬಾಗಿಲಿನ ಗಾಜು ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ರಾತ್ರಿ ತುಂಬಿದ ಸೌದೆ ಬೆಳಗಿನವರೆಗೆ ಬಾಳುವುದಿಲ್ಲ. ಆಗ ಮುಂದೆ ಕಾಣುವ ದಾರಿಗಳು ಮೂರು: ಕಂಬಸ್ಟರನ್ನು ಹೊರತೆಗೆದು ಬೂದಿ ಗುಡಿಸುವುದು, ವಿನೆಗರ್ ಬೆರೆಸಿದ ನೀರಿನಲ್ಲಿ ಕುದಿಸಿ ತೊಳೆಯುವುದು, ಇಲ್ಲವೇ ಹೊಸದನ್ನು ತಂದು ಕೂರಿಸುವುದು. ಇವುಗಳಲ್ಲಿ ಯಾವುದು ಉತ್ತಮ ಎಂದು ಕೇಳುವವರು ಬಹಳ ಮಂದಿ. ಆದರೆ ಇವು ಮೂರು ಬೇರೆ ಬೇರೆ ಕಾಯಿಲೆಗಳ ಮದ್ದುಗಳು. ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಮದ್ದುಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಇವಲ್ಲದೆ ನಾಲ್ಕನೆಯ ಸಾಧ್ಯತೆಯೊಂದಿದೆ: ಕಂಬಸ್ಟರ್ ಸರಿಯಾಗಿಯೇ ಇದ್ದು, ತೊಂದರೆ ಸೌದೆಯಲ್ಲೋ ಬೆಂಕಿ ನಡೆಸುವ ಕ್ರಮದಲ್ಲೋ ಇರಬಹುದು. ನಾನು ಕಂಡ ಮಟ್ಟಿಗೆ ಅತಿ ಹೆಚ್ಚು ಬಾರಿ ನಿಜವಾಗುವುದು ಈ ನಾಲ್ಕನೆಯದೇ.

ಒಳಗೆ ನಡೆಯುವುದೇನು

ಕಂಬಸ್ಟರ್ ಎಂದರೆ ಜೇನುಹುಟ್ಟಿನ ಹಾಗೆ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಸಾಗುವ ನೂರಾರು ನೇರ ಕೊಳವೆಗಳಿರುವ ಒಂದು ಇಟ್ಟಿಗೆ ಅಥವಾ ಬಿಲ್ಲೆ. ಅದರ ಮೈ ಸೆರಾಮಿಕ್‌ನದು, ಇಲ್ಲವೇ ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಹಾಳೆಯದು. ಆ ಮೈಯ ಮೇಲೆ ಅಲ್ಯೂಮಿನಾದ ಒರಟು ಲೇಪವಿದ್ದು, ಆ ಲೇಪದಲ್ಲಿ ಪೆಲೇಡಿಯಂ, ಪ್ಲಾಟಿನಂನಂತಹ ಅಮೂಲ್ಯ ಲೋಹಗಳು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿಕೊಂಡಿರುತ್ತವೆ. ಸೌದೆಯ ಹೊಗೆ ತಾನಾಗಿಯೇ ಹೊತ್ತಿ ಉರಿಯಬೇಕಾದರೆ ಸುಮಾರು 540ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಈ ಲೋಹದ ಮೈಗೆ ತಾಗಿದ ಹೊಗೆಗೆ 260ರಿಂದ 315 ಡಿಗ್ರಿಯೇ ಸಾಕು. ಒಮ್ಮೆ ಹೊತ್ತಿಕೊಂಡ ಮೇಲೆ ಹೊಗೆ ಉರಿದು ಹುಟ್ಟುವ ಶಾಖವೇ ಕಂಬಸ್ಟರನ್ನು ಬಿಸಿಯಾಗಿ ಇಟ್ಟುಕೊಳ್ಳುತ್ತದೆ. ಗಾಳಿಯನ್ನು ಬಹಳ ತಗ್ಗಿಸಿ, ಜ್ವಾಲೆಯೇ ಕಾಣದಂತೆ ಗಂಟೆಗಟ್ಟಲೆ ನಿಧಾನವಾಗಿ ಉರಿಸಿದರೂ ಇಂಥ ಒಲೆ ಹೊಗೆ ಉಗುಳದಿರುವುದಕ್ಕೆ ಇದೇ ಕಾರಣ.

ಕ್ಯಾಟಲಿಸ್ಟ್, ಅಂದರೆ ಹೊಗೆಯನ್ನು ಕಡಿಮೆ ಶಾಖದಲ್ಲೇ ಹೊತ್ತಿಸುವ ಈ ಲೋಹದ ಲೇಪ, ತಾನು ಖರ್ಚಾಗದೆ ಕೆಲಸ ಮಾಡುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಒಲೆಯೊಳಗೆ ಅದಕ್ಕೆ ಆಯಸ್ಸು ಉಂಟು. ಚೆನ್ನಾಗಿ ನೋಡಿಕೊಂಡರೆ ಸಾಮಾನ್ಯವಾಗಿ 10,000ದಿಂದ 12,000 ಗಂಟೆಗಳ ಉರಿ ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಸೌದೆ ಒಲೆಗಳಿಗೆ ಮೊದಲ ಬಾರಿಗೆ ರಾಷ್ಟ್ರಮಟ್ಟದ ನಿಯಮ ತಂದಾಗ, ಅದರ ಎರಡನೆಯ ಹಂತದಲ್ಲಿ ಕ್ಯಾಟಲಿಸ್ಟ್ ಇಲ್ಲದ ಒಲೆಗೆ ಗಂಟೆಗೆ 7.5 ಗ್ರಾಂ ಹೊಗೆಯ ಕಣಗಳವರೆಗೆ ಅವಕಾಶ ಕೊಟ್ಟು, ಕ್ಯಾಟಲಿಸ್ಟ್ ಇರುವ ಒಲೆಗೆ 4.1 ಗ್ರಾಂ ಮಾತ್ರ ಎಂದು ಬಿಗಿ ಮಾಡಿತು. ಕ್ಯಾಟಲಿಸ್ಟ್ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಮಂಕಾಗುತ್ತದೆ, ಆದ್ದರಿಂದ ಹೊಸದಿರುವಾಗ ಅದು ಇನ್ನೂ ಚೊಕ್ಕಟವಾಗಿರಬೇಕು ಎಂಬುದು ಅದರ ಹಿಂದಿನ ತರ್ಕ. ಮಂಕಾಗುವುದು ಸಹಜ ಎಂದಮೇಲೆ ನಮಗೆ ಬೇಕಾಗಿರುವುದು, ಅದು ಯಾವ ರೀತಿಯಲ್ಲಿ ಮಂಕಾಗಿದೆ ಎಂಬ ತಿಳಿವಳಿಕೆ.

ಮಂಕಾಗುವ ಬಗೆಗಳು ಮೂರು. ಮೊದಲನೆಯದು, ಮುಚ್ಚಿಕೊಳ್ಳುವುದು: ಹಾರುಬೂದಿಯೋ ಮಸಿಯೋ ಕೊಳವೆಗಳನ್ನು ತುಂಬಿ, ಹೊಗೆ ಲೋಹಕ್ಕೆ ತಾಗದಂತೆ ತಡೆಯುತ್ತದೆ. ಲೋಹ ಕೆಟ್ಟಿರುವುದಿಲ್ಲ, ಅದರ ಮೇಲೆ ಹೊದಿಕೆ ಬಿದ್ದಿರುತ್ತದೆ ಅಷ್ಟೆ. ಎರಡನೆಯದು, ವಿಷವೇರುವುದು: ಸೀಸ, ಸತು, ಗಂಧಕ, ಕ್ಲೋರಿನ್, ಹಾಗೆಯೇ ಬೂದಿಯಲ್ಲಿ ಸಹಜವಾಗಿಯೇ ಇರುವ ಪೊಟ್ಯಾಸಿಯಂನಂತಹ ಕ್ಷಾರಗಳು ಲೇಪಕ್ಕೆ ಅಂಟಿ ಲೋಹದ ಚುರುಕನ್ನು ಕುಗ್ಗಿಸುತ್ತವೆ. ಇದರಲ್ಲಿ ಕ್ಷಾರದ ಪಾಲು ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ. ಸೀಸ, ಸತುವಿನಂತಹ ಲೋಹಗಳ ಪಾಲು ಹೋಗುವ ಭರವಸೆಯಿಲ್ಲ. ಮೂರನೆಯದು, ಬೆಂದುಹೋಗುವುದು: 870 ಡಿಗ್ರಿ ದಾಟಿದ ಶಾಖದಲ್ಲಿ ಮತ್ತೆ ಮತ್ತೆ ಕಾದರೆ ಲೋಹದ ಸೂಕ್ಷ್ಮ ಕಣಗಳು ಜಾಗ ಬಿಟ್ಟು ಸರಿದು, ಒಂದಕ್ಕೊಂದು ಕೂಡಿಕೊಂಡು ದಪ್ಪವಾಗುತ್ತವೆ. ಪೆಲೇಡಿಯಂ ಕರಗುವುದು 1555 ಡಿಗ್ರಿಯಲ್ಲಿ, ಪ್ಲಾಟಿನಂ 1768ರಲ್ಲಿ. ಆದ್ದರಿಂದ ಅವು ಕರಗಿ ಸುರಿದುಹೋದವು ಎಂದು ತಿಳಿಯಬಾರದು. ಲೋಹ ಅಲ್ಲೇ ಇರುತ್ತದೆ, ಹೊಗೆಗೆ ತಾಗುವ ಅದರ ಮೇಲ್ಮೈ ಮಾತ್ರ ಕುಗ್ಗಿಹೋಗಿರುತ್ತದೆ. ಇದಕ್ಕೆ ಯಾವ ಬ್ರಷ್ಷೂ ಯಾವ ದ್ರಾವಣವೂ ಮದ್ದಲ್ಲ.

ಇಷ್ಟು ತಿಳಿದರೆ ಹೋಲಿಕೆಯ ಚೌಕಟ್ಟು ತಾನಾಗಿ ಸಿದ್ಧವಾಗುತ್ತದೆ. ಮುಚ್ಚಿಕೊಂಡದ್ದಕ್ಕೆ ಗುಡಿಸುವುದು, ಕ್ಷಾರ ಅಂಟಿದ್ದಕ್ಕೆ ತೊಳೆಯುವುದು, ಬೆಂದದ್ದಕ್ಕೆ ಮತ್ತು ಒಡೆದದ್ದಕ್ಕೆ ಬದಲಾವಣೆ.

ಕೈ ಹಾಕುವ ಮೊದಲು

ಕಂಬಸ್ಟರನ್ನು ಬಿಚ್ಚುವ ಮುಂಚೆ ಸೌದೆಯನ್ನು ಪರೀಕ್ಷಿಸಬೇಕು. ತೇವಾಂಶ 20 ಪ್ರತಿಶತಕ್ಕಿಂತ ಕಡಿಮೆ ಇರಬೇಕು. ತೇವಾಂಶ ಮಾಪಕದ ಮುಳ್ಳುಗಳನ್ನು ಸೌದೆಯ ಹೊರಮೈಗೆ ಚುಚ್ಚಿ ನೋಡಿದರೆ ಆ ಅಂಕಿಗೆ ಬೆಲೆಯಿಲ್ಲ. ಒಂದು ತುಂಡನ್ನು ಆಗಲೇ ಸೀಳಿ, ಹೊಸದಾಗಿ ತೆರೆದ ಮುಖದ ನಡುಭಾಗದಲ್ಲಿ ನೋಡಬೇಕು. ಹೊರಗೆ 15 ತೋರಿಸಿದ ಸೌದೆ ಒಳಗೆ 28 ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ಅಂಥ ಸೌದೆಯ ಬೆಂಕಿ ತನ್ನ ಶಾಖದ ದೊಡ್ಡ ಪಾಲನ್ನು ನೀರನ್ನು ಆವಿಯಾಗಿಸುವುದರಲ್ಲೇ ಕಳೆದುಕೊಳ್ಳುತ್ತದೆ. ಕಂಬಸ್ಟರಿಗೆ ಹೊತ್ತಿಕೊಳ್ಳುವಷ್ಟು ಶಾಖ ಸಿಗುವುದೇ ಇಲ್ಲ. ಸಾಲದ್ದಕ್ಕೆ, ಬಿಸಿಯಾದ ಸೆರಾಮಿಕ್‌ನ ಮೇಲೆ ಹಠಾತ್ತನೆ ಹಬೆ ಬಡಿದು ಬಿರುಕು ಬಿಡುವ ಅಪಾಯವೂ ಇದೆ.

ಎರಡನೆಯದಾಗಿ ಕವಾಟ ಮುಚ್ಚುವ ಹೊತ್ತು. ತಣ್ಣಗಿದ್ದ ಒಲೆಯಲ್ಲಿ ಬೆಂಕಿ ಹಚ್ಚಿದರೆ, ಕಂಬಸ್ಟರಿನ ಬಳಿಯ ಉಷ್ಣಮಾಪಕ 260 ಡಿಗ್ರಿ ದಾಟುವವರೆಗೆ ಬೈಪಾಸ್ ತೆರೆದೇ ಇರಬೇಕು. ಇದಕ್ಕೆ ಸಾಮಾನ್ಯವಾಗಿ 20ರಿಂದ 30 ನಿಮಿಷಗಳ ಚುರುಕಾದ ಉರಿ ಬೇಕಾಗುತ್ತದೆ. ಕೆಂಡದ ಮೇಲೆ ಮತ್ತೆ ಸೌದೆ ಹೇರಿದಾಗಲೂ ಒಡನೆಯೇ ಗಾಳಿ ತಗ್ಗಿಸಬಾರದು. ತಣ್ಣನೆಯ ಸೌದೆಯ ಹೊಗೆಗೆ ಕಂಬಸ್ಟರ್ ಆರಿಹೋಗುವುದುಂಟು. ಸುಮಾರು 10 ನಿಮಿಷ ಚೆನ್ನಾಗಿ ಉರಿಯಲು ಬಿಟ್ಟು ಆಮೇಲೆ ತಗ್ಗಿಸಿದರೆ ಈ ತೊಂದರೆ ಬರುವುದಿಲ್ಲ. ಹೊಸದಾಗಿ ಒಲೆ ಕೊಂಡವರು ಕಂಬಸ್ಟರ್ ಕೆಟ್ಟಿದೆ ಎಂದು ದೂರುವಾಗ, ವಿಚಾರಿಸಿ ನೋಡಿದರೆ ಎಷ್ಟೋ ಸಲ ಕಾಣುವುದು ಈ ಅವಸರವೇ.

ಮೂರನೆಯದು ಉಷ್ಣಮಾಪಕ. ಎರಡು ಲೋಹಗಳ ಸುರುಳಿಯಿಂದ ಮುಳ್ಳು ತಿರುಗುವ ಮಾಪಕಗಳು ವರ್ಷಗಳು ಕಳೆದಂತೆ ತಪ್ಪು ತೋರಿಸತೊಡಗುತ್ತವೆ. ತಣ್ಣಗಿರುವಾಗ ಮುಳ್ಳು ತನ್ನ ಮೂಲಸ್ಥಾನಕ್ಕೆ ಮರಳದಿದ್ದರೆ, ಅದು ಉರಿಯಲ್ಲಿ ಹೇಳುವುದನ್ನೂ ನಂಬಬಾರದು. ಮಾಪಕದ ಬೆಲೆ ಕಂಬಸ್ಟರಿನ ಬೆಲೆಯ ಮುಂದೆ ಏನೇನೂ ಅಲ್ಲ. ಅನುಮಾನವಿದ್ದರೆ ಮೊದಲು ಅದನ್ನೇ ಬದಲಿಸಿ ನೋಡುವುದು ಒಳ್ಳೆಯದು.

ಬಾಗಿಲಿನ ಸುತ್ತ ಸಂದಿ ಮುಚ್ಚುವ ಹಗ್ಗದಂತಹ ಗ್ಯಾಸ್ಕೆಟ್ಟನ್ನೂ, ಬೈಪಾಸ್ ಕವಾಟ ಕೂರುವ ಅಂಚನ್ನೂ ನೋಡಬೇಕು. ಒಲೆ ತಣ್ಣಗಿರುವಾಗ ಒಂದು ಕಾಗದದ ಪಟ್ಟಿಯನ್ನು ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ ಎಳೆದಾಗ ಅದು ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ ಎಂದರ್ಥ. ಬೈಪಾಸ್ ಕವಾಟ ಬೂದಿಯ ಮೇಲೆ ಕೂತು ಒಂದೆರಡು ಮಿಲಿಮೀಟರ್ ತೆರೆದುಕೊಂಡಿದ್ದರೂ ಸಾಕು, ಹೊಗೆ ಕಂಬಸ್ಟರನ್ನು ಮುಟ್ಟದೆ ಸೀದಾ ಚಿಮಣಿಗೆ ಹೋಗುತ್ತದೆ. ಹೊಸ ಕಂಬಸ್ಟರ್ ಹಾಕಿದರೂ ಹೊಗೆ ಹಾಗೆಯೇ ಇದೆ ಎಂಬ ನಿರಾಶೆಗೆ ಇದು ಸಾಮಾನ್ಯ ಕಾರಣ.

ಇಷ್ಟೆಲ್ಲ ಸರಿಯಿದ್ದರೆ ಆಗ ಕಂಬಸ್ಟರನ್ನೇ ಪರೀಕ್ಷಿಸಬಹುದು. ಒಲೆ ಸ್ಥಿರವಾಗಿ ಮಧ್ಯಮ ಉರಿಯಲ್ಲಿರುವಾಗ ಬೈಪಾಸ್ ತೆರೆದು, ಹೊರಗೆ ಹೋಗಿ ಚಿಮಣಿಯನ್ನು ನೋಡಬೇಕು. ಒಳಗೆ ಬಂದು ಮುಚ್ಚಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು. ಎರಡರ ನಡುವೆ ಎದ್ದುಕಾಣುವ ವ್ಯತ್ಯಾಸವಿದ್ದರೆ ಕಂಬಸ್ಟರಿಗೆ ಜೀವವಿದೆ. ಚಳಿಯಲ್ಲಿ ಚಿಮಣಿಯ ಬಾಯಿಂದ ಬೆಳ್ಳಗೆ ಎದ್ದು ಸ್ವಲ್ಪ ದೂರದಲ್ಲೇ ಕರಗಿಹೋಗುವುದು ನೀರಾವಿ. ಬೂದು-ನೀಲಿ ಬಣ್ಣದಲ್ಲಿ ಎಳೆಎಳೆಯಾಗಿ ದೂರದವರೆಗೆ ತೇಲುತ್ತ ವಾಸನೆ ಬೀರುವುದು ಹೊಗೆ. ಇನ್ನು ಕಂಬಸ್ಟರ್ ಕೆಂಪಗೆ ಹೊಳೆಯುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸತ್ತಿದೆ ಎಂದು ತೀರ್ಮಾನಿಸುವವರಿದ್ದಾರೆ. ಅದು ಹೊಳೆಯುವುದು ಸುಮಾರು 540 ಡಿಗ್ರಿ ದಾಟಿದ ಮೇಲೆ. ಅದಕ್ಕಿಂತ ಕೆಳಗೆ, ತಗ್ಗಿನ ಉರಿಯಲ್ಲಿ, ಕಪ್ಪಾಗಿಯೇ ಇದ್ದು ಕೆಲಸ ಮಾಡುತ್ತಿರಬಹುದು. ಹೊಳಪಿಗಿಂತ ಮಾಪಕ ಮತ್ತು ಚಿಮಣಿಯ ಸಾಕ್ಷಿ ಹೆಚ್ಚು ನಂಬಿಕೆಗೆ ಅರ್ಹ.

ಗುಡಿಸುವುದು ಮತ್ತು ತೊಳೆಯುವುದು

ಕೊಳವೆಗಳ ಬಾಯಲ್ಲಿ ಕಾಣುವುದು ಕಪ್ಪು ಮಸಿಯಾದರೆ ಬಿಚ್ಚುವ ಅಗತ್ಯವೂ ಬಾರದಿರಬಹುದು. ಬೈಪಾಸ್ ತೆರೆದಿಟ್ಟು, ಒಣಗಿದ ಸಣ್ಣ ಸೌದೆಯಿಂದ ಅರ್ಧದಿಂದ ಒಂದು ಗಂಟೆ ಚುರುಕಾಗಿ ಉರಿಸಿದರೆ ಮಸಿ ಸುಟ್ಟು ಹೋಗುತ್ತದೆ. ಆದರೆ ಚಿಮಣಿಯೊಳಗೆ ಕ್ರಿಯೋಸೋಟ್ (ಹೊಗೆ ತಣಿದು ಅಂಟಿಕೊಳ್ಳುವ, ಉರಿಯಬಲ್ಲ ಟಾರಿನಂತಹ ಪದರ) ಕಟ್ಟಿಕೊಂಡಿರುವ ಅನುಮಾನವಿದ್ದರೆ ಈ ಕೆಲಸಕ್ಕೆ ಇಳಿಯಬಾರದು. ಮೊದಲು ಚಿಮಣಿಯನ್ನು ಶುಚಿ ಮಾಡಿಸಿರಬೇಕು, ಏಕೆಂದರೆ ಅದೇ ಬಿಸಿಗೆ ಕ್ರಿಯೋಸೋಟ್ ಹೊತ್ತಿಕೊಂಡರೆ ಮನೆಗೇ ಆಪತ್ತು.

ಬೂದಿ ಸುಡುವುದಿಲ್ಲ, ಅದನ್ನು ಗುಡಿಸಿಯೇ ತೆಗೆಯಬೇಕು. ಒಲೆ ಆರಿ ಒಂದು ದಿನವಾದರೂ ಕಳೆದಿರಲಿ. ಬೂದಿಯಡಿಯಲ್ಲಿ ಕೆಂಡ ಬಹಳ ಹೊತ್ತು ಅಡಗಿರುತ್ತದೆ. ನಾನು ಮೊದಲ ಸಲ ಸೆರಾಮಿಕ್ ಕಂಬಸ್ಟರನ್ನು ಕೈಗೆತ್ತಿಕೊಂಡಾಗ ಅಚ್ಚರಿಯಾದದ್ದು ಅದರ ಹಗುರತನಕ್ಕೆ. ಬೆಂಕಿಯ ಕಡೆಯ ಮುಖದಲ್ಲಿ ಬೂದಿ ತೆಳು ಬಟ್ಟೆಯಂತೆ ಹೊದ್ದುಕೊಂಡಿತ್ತು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಮೂರರಲ್ಲೊಂದು ಕೊಳವೆಯಲ್ಲಿ ಬೆಳಕೇ ಬರಲಿಲ್ಲ. ಮೃದುವಾದ ಬಣ್ಣದ ಬ್ರಷ್ಷಿನಿಂದ ಮೆಲ್ಲಗೆ ಸವರುತ್ತ, ಜೊತೆಗೇ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಪಕ್ಕದಲ್ಲಿ ಹಿಡಿದುಕೊಂಡಾಗ ಬೂದಿ ಹಿಟ್ಟಿನಂತೆ ಉದುರಿ ಬಂತು. ಮತ್ತೆ ಬೆಳಕಿಗೆ ಹಿಡಿದು ನೋಡಿದಾಗ ಇಡೀ ಬಿಲ್ಲೆ ಜಾಲರಿಯಂತೆ ಬೆಳಗುತ್ತಿತ್ತು. ಅಂದು ಸಂಜೆಯ ಬೆಂಕಿಯಲ್ಲಿ ಗಾಳಿಯ ಸೆಳೆತ ಮರಳಿತ್ತು, ಬಾಗಿಲು ತೆರೆದರೆ ಕೋಣೆಗೆ ನುಗ್ಗುತ್ತಿದ್ದ ಹೊಗೆಯೂ ನಿಂತಿತ್ತು. ತಂತಿಯ ಬ್ರಷ್, ಮೊಳೆ, ಸ್ಕ್ರೂಡ್ರೈವರ್ ಇವುಗಳಿಂದ ಕೆದಕಿದರೆ ಬೂದಿಯೊಂದಿಗೆ ಅಲ್ಯೂಮಿನಾದ ಲೇಪವೂ, ಅದರಲ್ಲಿರುವ ಅಮೂಲ್ಯ ಲೋಹವೂ ಉದುರಿಹೋಗುತ್ತದೆ. ಅದು ಮತ್ತೆ ಬರುವುದಿಲ್ಲ.

ಗುಡಿಸುವುದರ ಗುಣವೆಂದರೆ ಅದರಿಂದ ಹಾನಿಯಾಗುವ ಸಂಭವ ತೀರ ಕಡಿಮೆ. ಋತು ಆರಂಭವಾಗುವ ಮುನ್ನ ಒಮ್ಮೆ, ನಡುವೆ ಒಂದೆರಡು ಸಲ ನೋಡಿ ಅಗತ್ಯವಿದ್ದರೆ ಗುಡಿಸಿದರೆ ಸಾಕು. ಬೆಂಕಿಯ ಕಡೆಯ ಮುಖವನ್ನು ಒಲೆಯೊಳಗಿಂದಲೇ ಗುಡಿಸಲು ಅನುಕೂಲವಿರುವ ಒಲೆಗಳಲ್ಲಿ ಕಂಬಸ್ಟರನ್ನು ಪದೇಪದೇ ಹೊರತೆಗೆಯಬಾರದು; ಪ್ರತಿ ಸಲ ತೆಗೆದಾಗಲೂ ಅದರ ಸುತ್ತಲಿನ ಗ್ಯಾಸ್ಕೆಟ್ ಹಾಳಾಗುತ್ತದೆ ಮತ್ತು ಹೊಸದು ಬೇಕಾಗುತ್ತದೆ.

ತೊಳೆಯುವುದು ಇನ್ನೊಂದು ಮೆಟ್ಟಿಲು. ಗುಡಿಸಿ ಕೊಳವೆಗಳೆಲ್ಲ ತೆರೆದುಕೊಂಡಿದ್ದರೂ, ಸೌದೆ ಒಣಗಿದ್ದರೂ, ಕವಾಟ ಸರಿಯಾಗಿ ಕೂತಿದ್ದರೂ ಕಂಬಸ್ಟರ್ ಹೊತ್ತಿಕೊಳ್ಳಲು ಸತಾಯಿಸುತ್ತಿದ್ದರೆ ಮಾತ್ರ ಇದಕ್ಕೆ ಕೈ ಹಾಕಬೇಕು. ರೂಢಿಯಲ್ಲಿರುವ ಕ್ರಮ ಹೀಗಿದೆ: ಸುತ್ತಲಿನ ಗ್ಯಾಸ್ಕೆಟ್ಟನ್ನು ಸುಲಿದು ತೆಗೆದು, ಸಂಪೂರ್ಣ ತಣ್ಣಗಾದ ಕಂಬಸ್ಟರನ್ನು, ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿದ ದ್ರಾವಣದಲ್ಲಿ ಮುಳುಗಿಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಬೇಕು. ಆಮೇಲೆ ವಿನೆಗರ್ ಇಲ್ಲದ ಶುದ್ಧ ಡಿಸ್ಟಿಲ್ಡ್ ವಾಟರಿನಲ್ಲಿ ತಲಾ 15 ನಿಮಿಷದಂತೆ ಎರಡು ಸಲ, ಪ್ರತಿ ಸಲವೂ ಹೊಸ ನೀರಿನಲ್ಲಿ, ಕುದಿಸಿ ತೆಗೆಯಬೇಕು. ಕೊನೆಗೆ 150 ಡಿಗ್ರಿಯ ಓವನ್ನಿನಲ್ಲಿ ಒಂದು ಗಂಟೆ ಇಟ್ಟು ಪೂರ್ತಿ ಒಣಗಿಸಬೇಕು. ನಲ್ಲಿಯ ನೀರು ಬಳಸಬಾರದು. ಅದರಲ್ಲಿರುವ ಲವಣಗಳು ಕೊಳವೆಗಳ ಒಳಗೋಡೆಯಲ್ಲಿ ಉಳಿದುಕೊಂಡು, ಯಾವುದನ್ನು ತೊಳೆಯಹೊರಟೆವೋ ಅದನ್ನೇ ಮತ್ತೆ ಬಳಿದಂತಾಗುತ್ತದೆ. ಪಾತ್ರೆ ಸ್ಟೀಲಿನದಾಗಿರಲಿ, ಮತ್ತೆ ಅಡುಗೆಗೆ ಬಳಸದಂಥದ್ದಾಗಿರಲಿ. ಕೋಣೆಯ ಕಿಟಕಿಗಳು ತೆರೆದಿರಲಿ, ವಿನೆಗರಿನ ಹಬೆ ಕಣ್ಣು ಮೂಗನ್ನು ಉರಿಸುತ್ತದೆ. ಒಳಗೆ ತೇವ ಉಳಿದ ಕಂಬಸ್ಟರನ್ನು ಒಲೆಗೆ ಹಾಕಿ ಬೆಂಕಿ ಹಚ್ಚಿದರೆ ಬಿರುಕು ಬಿಡಬಹುದು. ಆದ್ದರಿಂದ ಒಣಗಿಸುವ ಹಂತದಲ್ಲಿ ಅವಸರ ಬೇಡ.

ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ಮಾಡುವ ಕೆಲಸ ಒಂದೇ: ಬೂದಿಯ ಕ್ಷಾರಗಳನ್ನು ಕರಗಿಸಿ ಹೊರಹಾಕುವುದು. ವರ್ಷಗಟ್ಟಲೆ ಒಳ್ಳೆಯ ಸೌದೆಯನ್ನಷ್ಟೇ ಉರಿಸಿ ನಿಧಾನವಾಗಿ ಮಂಕಾದ ಕಂಬಸ್ಟರಿಗೆ ಇದರಿಂದ ಒಂದೆರಡು ಋತುವಿನ ಹೆಚ್ಚಿನ ಆಯಸ್ಸು ಸಿಗಬಹುದು. ಬಣ್ಣ ಬಳಿದ ಹಲಗೆ, ರಾಸಾಯನಿಕ ಹಾಕಿ ಸಂಸ್ಕರಿಸಿದ ಮರ, ಹೊಳಪಿನ ಬಣ್ಣದ ಕಾಗದ, ಪ್ಲಾಸ್ಟಿಕ್, ಕಲ್ಲಿದ್ದಲು, ಸಮುದ್ರದಲ್ಲಿ ತೇಲಿ ಬಂದ ಉಪ್ಪು ಹೀರಿದ ಮರ ಇವುಗಳನ್ನು ಉರಿಸಿದ ಒಲೆಯ ಕಂಬಸ್ಟರಿಗೆ ತೊಳೆತದಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಎಲ್ಲ ತಯಾರಕರೂ ತೊಳೆಯಲು ಒಪ್ಪುವುದಿಲ್ಲ ಎಂಬುದನ್ನೂ ಗಮನಿಸಬೇಕು. ಖಾತರಿಯ ಅವಧಿ ಇನ್ನೂ ಬಾಕಿಯಿದ್ದರೆ ಒಲೆಯ ಕೈಪಿಡಿ ಏನು ಹೇಳುತ್ತದೆ ಎಂದು ನೋಡಿಯೇ ಮುಂದುವರಿಯಬೇಕು. ಹೊಸದನ್ನು ಕೊಳ್ಳುವ ಮುನ್ನ ಒಮ್ಮೆ ತೊಳೆದು ನೋಡುವುದರಲ್ಲಿ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಪ್ರತಿ ವರ್ಷದ ವ್ರತದಂತೆ ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಕುದಿತವೂ ಲೇಪಕ್ಕೆ ಅಷ್ಟಿಷ್ಟು ಶ್ರಮವೇ.

ಬದಲಿಸಲೇಬೇಕಾದ ಲಕ್ಷಣಗಳು

ಸೆರಾಮಿಕ್‌ನ ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಬಿಲ್ಲೆ ಒಟ್ಟಾಗಿ ನಿಂತಿದ್ದರೆ ಅದು ಕೆಲಸ ಮಾಡುತ್ತದೆ. ತುಂಡುಗಳು ಉದುರಿ ಗೂಡುಗಳು ಬಿದ್ದಿದ್ದರೆ, ಬೆರಳು ತಾಗಿದರೆ ಪುಡಿಯಾಗುತ್ತಿದ್ದರೆ, ಸ್ಟೀಲಿನದಾದರೆ ಲೇಪ ಹಕ್ಕಳೆಯಾಗಿ ಏಳುತ್ತಿದ್ದರೆ ಅಥವಾ ಸುರುಳಿ ಸೊಟ್ಟಗಾಗಿದ್ದರೆ ಅದರ ಕಾಲ ಮುಗಿಯಿತು. ಹೊರಗಿನಿಂದ ಎಲ್ಲವೂ ಚೆನ್ನಾಗಿ ಕಂಡು, ಗುಡಿಸಿ ತೊಳೆದ ಮೇಲೂ ಮಾಪಕ ಮೇಲೇರದಿದ್ದರೆ ಅದು ಬೆಂದುಹೋಗಿದೆ ಅಥವಾ ವಿಷವೇರಿದೆ ಎಂದೇ ತಿಳಿಯಬೇಕು.

ಹೊಸದನ್ನು ಕೊಳ್ಳುವ ಮುನ್ನ ಹಳೆಯದು ಏಕೆ ಸತ್ತಿತು ಎಂದು ತಿಳಿದುಕೊಳ್ಳದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ನಡುಭಾಗ ಮಾತ್ರ ಪುಡಿಯಾಗಿದ್ದರೆ ಜ್ವಾಲೆ ನೇರವಾಗಿ ಬಡಿಯುತ್ತಿತ್ತು ಎಂಬ ಸೂಚನೆ: ಕವಾಟ ಮುಚ್ಚಿದ ಮೇಲೂ ಗಾಳಿಯನ್ನು ಪೂರ್ತಿ ತೆರೆದಿಟ್ಟಿರಬಹುದು, ಬೂದಿಕುಂಡದ ಬಾಗಿಲು ಸಡಿಲವಾಗಿರಬಹುದು, ಜ್ವಾಲೆಯನ್ನು ತಡೆಯುವ ಲೋಹದ ತಗಡು ತೂತಾಗಿರಬಹುದು, ಇಲ್ಲವೇ ಚಿಮಣಿ ಬಹಳ ಎತ್ತರವಿದ್ದು ಸೆಳೆತ ಅತಿಯಾಗಿರಬಹುದು. ಕಂಬಸ್ಟರ್ ಉರಿಸಬೇಕಾಗಿರುವುದು ಹೊಗೆಯನ್ನು. ಜ್ವಾಲೆಯ ನಾಲಗೆ ಅದನ್ನು ನೆಕ್ಕಬಾರದು. ದಿನನಿತ್ಯದ ಉರಿಯಲ್ಲಿ ಮಾಪಕ 540ರಿಂದ 760 ಡಿಗ್ರಿಯ ನಡುವೆ ಓಡಾಡಿಕೊಂಡಿದ್ದರೆ ಆರೋಗ್ಯದ ಲಕ್ಷಣ.

ಸೆರಾಮಿಕ್ ಅಥವಾ ಸ್ಟೀಲ್

ಹೋಲಿಕೆಗೆ ನಿಜವಾಗಿ ಅರ್ಥ ಬರುವುದು ಇಲ್ಲಿ, ಏಕೆಂದರೆ ಎರಡೂ ಒಂದೇ ಕೆಲಸಕ್ಕೆ ಬರುವ ಎರಡು ವಸ್ತುಗಳು. ಸೆರಾಮಿಕ್ ಕಂಬಸ್ಟರಿನ ಮೈ ಸಾಮಾನ್ಯವಾಗಿ ಕಾರ್ಡಿಯರೈಟ್ ಎಂಬ ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾಗಳ ಸಂಯುಕ್ತ. ಕಾದಾಗ ಬಹಳ ಕಡಿಮೆ ಹಿಗ್ಗುವುದು ಅದರ ಗುಣ. ಸ್ಟೀಲಿನದು ತೆಳು ಹಾಳೆಯನ್ನು ಅಲೆಅಲೆಯಾಗಿ ಮಡಿಸಿ, ಸಪಾಟು ಹಾಳೆಯೊಂದಿಗೆ ಸುತ್ತಿದ ಸುರುಳಿ.

ಸ್ಟೀಲಿನ ಗೋಡೆ ತೆಳುವಾದ್ದರಿಂದ ಬೇಗ ಬಿಸಿಯಾಗುತ್ತದೆ, ಹೊಗೆ ಬೇಗ ಹೊತ್ತಿಕೊಳ್ಳುತ್ತದೆ. ಗೋಡೆಗಳು ಆಕ್ರಮಿಸುವ ಜಾಗವೂ ಕಡಿಮೆಯಾದ್ದರಿಂದ, ಅದೇ ಅಳತೆಯ ಬಿಲ್ಲೆಯಲ್ಲಿ ಹೊಗೆ ಸಾಗಲು ಹೆಚ್ಚು ದಾರಿ ಸಿಗುತ್ತದೆ. ಗಿಡ್ಡ ಚಿಮಣಿಯಿದ್ದು ಸೆಳೆತ ದುರ್ಬಲವಾಗಿರುವ ಮನೆಗೆ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ತಣ್ಣನೆಯ ಒಲೆಯಲ್ಲಿ ಹೊಸದಾಗಿ ಬೆಂಕಿ ಹಚ್ಚುವವರಿಗೆ ಇದು ದೊಡ್ಡ ಅನುಕೂಲ. ಕವಾಟ ತೆರೆದಿರುವ ಪ್ರತಿ ನಿಮಿಷವೂ ಹೊಗೆ ಹೊರಗೆ ಹೋಗುವ ನಿಮಿಷವೇ ತಾನೆ. ಹಠಾತ್ ಬಿಸಿ-ತಂಪುಗಳಿಗೆ ಸ್ಟೀಲ್ ಬಿರುಕು ಬಿಡುವುದಿಲ್ಲ, ಕೈಜಾರಿ ಬಿದ್ದರೆ ಚೂರಾಗುವುದಿಲ್ಲ. ಅದರ ದೌರ್ಬಲ್ಯವಿರುವುದು ಲೇಪ ಮತ್ತು ಲೋಹದ ನಡುವಿನ ಅಂಟಿನಲ್ಲಿ. ಲೋಹ ಹಿಗ್ಗುವಷ್ಟು ಅಲ್ಯೂಮಿನಾ ಹಿಗ್ಗುವುದಿಲ್ಲ. ಮಿತಿಮೀರಿ ಕಾದರೆ ಲೇಪ ಸುಲಿದುಕೊಳ್ಳುತ್ತದೆ. ಬೆಲೆಯೂ ಸಾಮಾನ್ಯವಾಗಿ ಸೆರಾಮಿಕ್‌ಗಿಂತ ಹೆಚ್ಚು.

ಸೆರಾಮಿಕ್ ನಿಧಾನವಾಗಿ ಬಿಸಿಯಾಗುತ್ತದೆ, ಆದರೆ ಪಡೆದ ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಹಗಲಿರುಳು ಒಲೆಯನ್ನು ಆರಲು ಬಿಡದೆ ಸಣ್ಣ ಉರಿಯಲ್ಲಿ ನಡೆಸುವವರಿಗೆ, ಹೊತ್ತಿಕೊಳ್ಳಲು ಐದು ನಿಮಿಷ ಹೆಚ್ಚು ಹಿಡಿಯುವುದು ಲೆಕ್ಕಕ್ಕೇ ಬರುವುದಿಲ್ಲ. ಈ ಸ್ಥಿರತೆಯೇ ಉಪಯೋಗ. ಅದರ ಶತ್ರುಗಳು ಹಸಿ ಸೌದೆ, ಒರಟು ಕೈ ಮತ್ತು ಕವಾಟ ತೆರೆಯದೆ ಬಾಗಿಲು ತೆಗೆಯುವ ಅಭ್ಯಾಸ. ಕೆಂಪಗೆ ಕಾದ ಸೆರಾಮಿಕ್‌ಗೆ ಕೋಣೆಯ ತಂಪು ಗಾಳಿ ಬಡಿದಾಗ ಅದು ಒಳಗೊಳಗೇ ಸೀಳುತ್ತದೆ. ಬಾಗಿಲಿಗೆ ಕೈ ಹಾಕುವ ಮೊದಲು ಬೈಪಾಸ್ ತೆರೆಯುವುದನ್ನು ಮನೆಯ ಪ್ರತಿಯೊಬ್ಬರಿಗೂ ಕಲಿಸಿರಬೇಕು. ಅಷ್ಟು ಭರವಸೆ ಇಲ್ಲದ ಮನೆಯಲ್ಲಿ ನಾನು ಸ್ಟೀಲನ್ನೇ ಸೂಚಿಸುತ್ತೇನೆ.

ಕೊಳವೆಗಳ ದಟ್ಟಣೆಯನ್ನೂ ಕೇಳಿ ತಿಳಿಯಬೇಕು. ಸೆರಾಮಿಕ್‌ನಲ್ಲಿ ಚದರ ಅಂಗುಲಕ್ಕೆ 16 ಮತ್ತು 25 ಕೊಳವೆಗಳ ಬಗೆಗಳು ಬಳಕೆಯಲ್ಲಿವೆ. ದಟ್ಟವಾದಷ್ಟೂ ಹೊಗೆಗೆ ತಾಗುವ ಮೇಲ್ಮೈ ಹೆಚ್ಚು, ಆದರೆ ಬೂದಿ ಕಟ್ಟಿಕೊಳ್ಳುವುದೂ ಬೇಗ. ಒಲೆಯ ತಯಾರಕರು ಯಾವುದನ್ನು ಹೇಳಿದ್ದಾರೋ ಅದನ್ನೇ ಹಾಕುವುದು ಕ್ಷೇಮ. ಬೇರೆ ತಯಾರಕರ ಕಂಬಸ್ಟರ್ ಕಡಿಮೆ ಬೆಲೆಗೆ ಸಿಕ್ಕಿದರೆ ಉದ್ದ, ಅಗಲ, ದಪ್ಪ, ಕೊಳವೆಯ ದಟ್ಟಣೆ ನಾಲ್ಕೂ ಹೊಂದುತ್ತವೆಯೇ, ಖಾತರಿ ಎಷ್ಟು ವರ್ಷದ್ದು ಎಂದು ನೋಡಿ ಕೊಳ್ಳಬಹುದು. ಹೊಂದಿದರೆ ಅದರಲ್ಲಿ ತಪ್ಪೇನಿಲ್ಲ. ದಪ್ಪದಲ್ಲಿ ಕಾಲು ಅಂಗುಲದ ವ್ಯತ್ಯಾಸವಿದ್ದರೂ ಸುತ್ತಲಿನ ಸಂದಿಯಿಂದ ಹೊಗೆ ನುಸುಳಬಹುದು.

ಕಂಬಸ್ಟರ್ ತೆಗೆದುಹಾಕಿ ಒಲೆಯನ್ನು ಹಾಗೆಯೇ ಉರಿಸುವುದು ಒಂದು ಆಯ್ಕೆಯೇ ಅಲ್ಲ. ಕ್ಯಾಟಲಿಸ್ಟ್ ಇಲ್ಲದೆ, ಮೇಲುಭಾಗದ ಕೊಳವೆಗಳಿಂದ ಬಿಸಿಗಾಳಿ ಊದಿ ಹೊಗೆಯನ್ನು ಉರಿಸುವ ಒಲೆಗಳು ಬೇರೆಯೇ ಇವೆ. ಅವುಗಳ ಉರಿಗೂಡಿನ ವಿನ್ಯಾಸವೇ ಹೊಗೆಯನ್ನು 600 ಡಿಗ್ರಿಯ ಹತ್ತಿರಕ್ಕೆ ಒಯ್ಯುವಂತೆ ರೂಪುಗೊಂಡಿದೆ. ಕ್ಯಾಟಲಿಸ್ಟಿಗಾಗಿ ಕಟ್ಟಿದ ಒಲೆಯಲ್ಲಿ ಆ ಏರ್ಪಾಡಿಲ್ಲ. ಕಂಬಸ್ಟರ್ ಇಲ್ಲದೆ ಅದನ್ನು ತಗ್ಗಿಸಿ ಉರಿಸಿದರೆ ಹೊಗೆಯೆಲ್ಲ ಚಿಮಣಿಯಲ್ಲಿ ಕ್ರಿಯೋಸೋಟ್ ಆಗಿ ಕೂರುತ್ತದೆ.

ಕೂರಿಸುವಾಗ

ಕಂಬಸ್ಟರಿನ ಸುತ್ತ ಸುತ್ತುವ ಗ್ಯಾಸ್ಕೆಟ್ ಬಿಸಿಗೆ ಉಬ್ಬಿ ಸಂದಿಯನ್ನು ತುಂಬುವ ಬಗೆಯದು. ಒಮ್ಮೆ ಉಬ್ಬಿದ್ದು ಮತ್ತೆ ಕುಗ್ಗುವುದಿಲ್ಲವಾದ್ದರಿಂದ ಹಳೆಯದನ್ನು ಮರುಬಳಕೆ ಮಾಡಲಾಗದು. ಹೊಸ ಗ್ಯಾಸ್ಕೆಟ್ಟನ್ನು ಒಂದು ಸುತ್ತು ಸುತ್ತಿ ಕಾಗದದ ಅಂಟುಪಟ್ಟಿಯಿಂದ ಹಿಡಿದಿಟ್ಟರೆ ಒಳಗೆ ಜಾರಿಸುವಾಗ ಅದು ಮಡಚಿಕೊಳ್ಳುವುದಿಲ್ಲ. ಪಟ್ಟಿ ಮೊದಲ ಬೆಂಕಿಯಲ್ಲೇ ಸುಟ್ಟುಹೋಗುತ್ತದೆ. ಕಂಬಸ್ಟರನ್ನು ಎರಡೂ ಅಂಗೈಗಳಿಂದ ಸಮನಾಗಿ ಒತ್ತಿ ಕೂರಿಸಬೇಕು. ಬಿಗಿಯೆನಿಸಿದರೆ ತಟ್ಟದೆ ಹೊರತೆಗೆದು, ಚೌಕಟ್ಟಿನಲ್ಲಿ ಉಳಿದಿರುವ ಹಳೆಯ ಗ್ಯಾಸ್ಕೆಟ್ ಮತ್ತು ಗಟ್ಟಿಯಾದ ಬೂದಿಯನ್ನು ಕೆರೆದು ಶುಚಿ ಮಾಡಬೇಕು. ಬಿಗಿತಕ್ಕೆ ಸಾಮಾನ್ಯವಾಗಿ ಅದೇ ಕಾರಣ.

ಮೊದಲ ಕೆಲವು ಬೆಂಕಿಗಳಲ್ಲಿ ಹೊಸ ಕಂಬಸ್ಟರ್ ಅತಿಯಾದ ಚುರುಕು ತೋರಿಸುತ್ತದೆ. ಮಾಪಕ ಹಿಂದೆಂದೂ ಕಾಣದಷ್ಟು ಮೇಲೇರಬಹುದು. ಆಗ ಒಲೆಯನ್ನು ಕಂಠಮಟ್ಟ ತುಂಬದೆ, ನಾಲ್ಕಾರು ಸಣ್ಣ ಸೌದೆಯ ಮಧ್ಯಮ ಉರಿಗಳನ್ನು ನಡೆಸಬೇಕು. ಮುಳ್ಳು 870ರ ಕಡೆಗೆ ಸಾಗುತ್ತಿದೆ ಎನಿಸಿದರೆ ಗಾಳಿಯನ್ನು ತಗ್ಗಿಸಬೇಕು. ಕೂರಿಸಿದ ದಿನಾಂಕವನ್ನು ಒಲೆಯ ಕೈಪಿಡಿಯ ಒಳರಟ್ಟಿನಲ್ಲಿ ಬರೆದಿಟ್ಟು, ಮೊದಲ ವಾರದಲ್ಲಿ ಕವಾಟ ಮುಚ್ಚಿದಾಗ ಮಾಪಕ ಎಷ್ಟಿತ್ತು, ಅರ್ಧ ಗಂಟೆಯ ನಂತರ ಎಷ್ಟಾಯಿತು ಎಂಬ ಎರಡು ಅಂಕಿಗಳನ್ನು ಅದರ ಕೆಳಗೆ ಗುರುತಿಸಿಡಬೇಕು. ಮೂರು ವರ್ಷದ ನಂತರ ಮತ್ತೆ ಅನುಮಾನ ಹುಟ್ಟಿದಾಗ, ಗುಡಿಸಬೇಕೋ ತೊಳೆಯಬೇಕೋ ಎಂದು ನಿರ್ಧರಿಸಲು ಹೋಲಿಸಿ ನೋಡಬೇಕಾದದ್ದು ಆ ಎರಡು ಅಂಕಿಗಳನ್ನೇ.